ಎರಡಕ್ಕೆ ಜಾಗ

"ನಮಗೆ ಎರಡಕ್ಕೆ ಜಾಗ ಇಲ್ಲಪ್ಪಾ" ಎಂದು ಇಸ್ತ್ರಿಯಮ್ಮ ಹೇಳಿದಾಗ ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ಭೂಕಂಪವಾಗಿ ಆಗಷ್ಟೇ ವಾರ ಕಳೆದಿತ್ತು. ಪರಿಹಾರ ಸಂಸ್ಥೆಯಲ್ಲಿ ನನ್ನ ನೌಕರಿಗೆ ಅಷ್ಟೂ ವಯಸ್ಸಾಗಿರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ನೇತಾಡತೊಡಗಿದರೆ ಅದರ ಮೇಲಿರುವ ತಲೆಗೆ ರಜೆ. ಒಂದೇ ಡೇರೆಯಲ್ಲಿ ಎರಡು ಸಂಸಾರ ತುರುಕಿದ್ದೇವೆ, ಎರಡಕ್ಕೆ ಜಾಗ ಸಾಲುತ್ತಿಲ್ಲ ಎಂದು ಅರ್ಥ ಮಾಡಿಕೊಂಡು, ಮೇಲಧಿಕಾರಿಯನ್ನು ಕಾಡಿ ಬೇಡಿ, ಸಂಜೆಯೊಳಗೆ ಇನ್ನೊಂದು ಡೇರೆ ತರಿಸಿಕೊಟ್ಟೆ.

ಆಕೆ ಡೇರೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ನಿಮ್ಮಮ್ಮ ನಿನಗೆ ಒಂದಕ್ಕೆ, ಎರಡಕ್ಕೆ ಅಂತ ಏನೂ ಕಲಿಸ್ಲಿಲ್ವಾ ಮಗಾ? ಎಲ್ಲಾ ಹಾಸಿಗೇಲೇ ಮುಗಿಸ್ತಿದ್ದಾ?"

ಭೂಕಂಪದ ನಂತರ ಆ ಓಣಿಯ ಹೆಂಗಸರು ಮೊದಲ ಸಲ ನಕ್ಕದ್ದು ಆವತ್ತೇ ಅಂತೆ. ಅಷ್ಟರ ಮಟ್ಟಿಗೆ ನನ್ನ ಸೇವೆ ಸಾರ್ಥಕ. ಅಂದಿನಿಂದ ನನ್ನ ಹೆಸರು ಡೇರೆಯಪ್ಪ.

ಇಸ್ತ್ರಿಯಮ್ಮ ಮದುವೆಯಾಗಿ ಬಂದಾಗಿನಿಂದ ಒಂದೇ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಹಾಕಿದವಳು. ಬೆನ್ನು ನೆಟ್ಟಗೆ ಮಾಡಿದರೆ ತಲೆ ಬಡಿಯುವ ಜಾಗ. ಕೆಂಡ ತುಂಬುವ ಕಬ್ಬಿಣದ ಪೆಟ್ಟಿಗೆ, ಸುಟ್ಟ ಕಂಬಳಿ ಹಾಸಿದ ಮೇಜು, ನೀರು ಚಿಮುಕಿಸಲು ಒಂದು ಡಬ್ಬಿ. ಗಂಡ ಇದ್ದಾನೆ, ಇದ್ದಾನೆ ಅಷ್ಟೆ. ಗೋಡೆ ಬಿದ್ದ ದಿನ ಹಿಡಿದು ಎಳೆದಾಗ "ಯಾರು ಬಂದಿದ್ದು?" ಎಂದು ಮಗ್ಗುಲು ಬದಲಿಸಿದನಂತೆ. ಊರಿನ ಅಂಗಿಗಳೆಲ್ಲ ಕೈಯಲ್ಲಿ ಹಾದುಹೋದ ಮೇಲೆ ಆಕೆಗೆ ಮನುಷ್ಯರ ಮೇಲೆ ಗೌರವ ಉಳಿದಿರಲಿಲ್ಲ. "ಕಾಲರ್ ನೋಡಿದ್ರೆ ಸಾಕು, ಕುತ್ತಿಗೆ ಎಂಥದ್ದು ಅಂತ ಗೊತ್ತಾಗತ್ತೆ" ಎನ್ನುತ್ತಿದ್ದಳು. ಎದುರು ಸಾಲಿನ ಟೈಲರನ ಹೆಂಡತಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆಕೆ ಯಾವತ್ತೋ ಇಸ್ತ್ರಿ ಸರಿಯಿಲ್ಲ ಎಂದಿದ್ದಳಂತೆ.

ಕಟ್ಟಡ ಉರುಳಿತು, ಮೆಟ್ಟಿಲು ಮಾತ್ರ ನಿಂತಿತು. ಎಲ್ಲಿಗೂ ಹೋಗದ ಆ ಮೆಟ್ಟಿಲ ಕೆಳಗೆ ಆಕೆ ಮತ್ತೆ ಕೆಂಡ ಹೊತ್ತಿಸಿದಳು. ಈಗ ಗಿರಾಕಿಗಳು ನಾವೇ. ಪರಿಹಾರಕ್ಕೆ ಬಂದವರ ಅಂಗಿ ಮುದುಡಿರಬಾರದಲ್ಲ, ಫೋಟೋ ಇರುತ್ತದೆ.

ನಾನು ಕೊಟ್ಟ ಡೇರೆಯನ್ನು ಹರಿದು ಆಕೆ, ಎರಡಕ್ಕೆಂದು ತೋಡಿದ ಗುಂಡಿಯ ಸುತ್ತ ಮರೆ ಕಟ್ಟಿದಳು. ಹೆಂಗಸರು ನಿಟ್ಟುಸಿರು ಬಿಟ್ಟರು. ಆಮೇಲೆ ನಮ್ಮ ಮೇಲಧಿಕಾರಿ ತಪಾಸಣೆಗೆ ಬಂದರು. "ಇದು ವಾಸಕ್ಕೆ ಕೊಟ್ಟಿದ್ದು ಕಣ್ರೀ, ಇದಕ್ಕಲ್ಲ" ಎಂದು ಮೂಗು ಮುಚ್ಚಿಕೊಂಡು ಡೇರೆಯ ಬಟ್ಟೆ ಬಿಚ್ಚಿಸಿ ಒಯ್ದರು. ಒಯ್ದು ಏನು ಮಾಡಿದರೋ, ಹೊದ್ದು ಮಲಗಿದರೋ ಏನೋ. ಪಕ್ಕಾ ಶೌಚಾಲಯ ಯಾವಾಗ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಓಣಿಯಲ್ಲಿ ಒಂದು ಅಡ್ಡಗೋಡೆಯೂ ಉಳಿದಿರಲಿಲ್ಲ, ಆದರೂ ದೀಪ ಇಟ್ಟರು.

ಕೊನೆಗೆ ಶೌಚಾಲಯ ಎದ್ದಿತು. ಓಣಿಯ ಗಂಡಸರೇ ಕಾಲುವೆ ತೋಡಿ ಪೈಪು ಹಾಕಿದರು. ನಾನು ಪಕ್ಕದಲ್ಲಿ ನಿಂತು "ಹುಷಾರು, ಹುಷಾರು" ಎಂದೆ. ನಲ್ಲಿಯಲ್ಲಿ ನೀರೂ ಬಂತು. ಅದೇ ದಿನ ಮೇಲಧಿಕಾರಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೊರಳಿಗೆ ಕಟ್ಟಿದರು. ಮುಖ್ಯ ಅತಿಥಿಗಳು ಬಂದು ರಿಬ್ಬನ್ ಕತ್ತರಿಸುವವರೆಗೆ ಯಾರೂ ಒಳಗೆ ಕಾಲಿಡಕೂಡದು. ಅತಿಥಿಗಳಿಗೆ ಇವತ್ತು ಬಿಡುವಿಲ್ಲ, ನಾಳೆ ನೆಗಡಿ, ನಾಡಿದ್ದು ಇನ್ನೊಂದು ಊರಿನ ರಿಬ್ಬನ್. ಕಾದು ಕಾದು ನಮ್ಮ ರಿಬ್ಬನ್ ಮುದುಡಿತು. ಅದನ್ನು ಇಸ್ತ್ರಿಗೆ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದರು.

ಮೆಟ್ಟಿಲ ಕೆಳಗೆ, ಮೇಜಿನ ಪಕ್ಕದ ಚಾಪೆಯಲ್ಲಿ ಇಸ್ತ್ರಿಯಮ್ಮನ ಸೊಸೆ ಮಲಗಿದ್ದಳು. ತುಂಬು ಬಸುರಿ. ಕತ್ತಲಾಗುವವರೆಗೆ ಹೊರಗೆ ಹೋಗುವಂತಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತುಟಿ ಒಡೆದಿತ್ತು, ಮೈ ಸುಡುತ್ತಿತ್ತು.

"ನೀರು ಕುಡೀದಿದ್ರೆ ಇಬ್ಬರಿಗೂ ಅಪಾಯ ಅಂದ್ರು ಡಾಕ್ಟ್ರು" ಎಂದಳು ಇಸ್ತ್ರಿಯಮ್ಮ. "ಇವಳು ಚೊಂಬು ಕೊಟ್ರೆ ಮುಖ ತಿರುಗಿಸ್ತಾಳೆ."

"ಕುಡಿದು ಹೋಗೋದೆಲ್ಲಿಗೆ ಅತ್ತೆ?" ಎಂದಳು ಸೊಸೆ, ಕಣ್ಣು ಬಿಡದೆ.

ಇಸ್ತ್ರಿಯಮ್ಮನ ಕಣ್ಣು ನನ್ನ ಕೊರಳಿನ ಕೀಲಿಯ ಮೇಲೆ ನಿಂತಿತು. "ಕೊಡು ಡೇರೆಯಪ್ಪ."

"ಮೇಲಿನವರು ಬೇಡ ಅಂದಿದಾರೆ ಅಮ್ಮಾ. ನನ್ನ ಕೆಲಸ ಹೋಗತ್ತೆ."

"ನೀನು ಕೆಲಸ ಬೇರೆ ಮಾಡ್ತೀಯಾ?"

ನಾನು ಕೀಲಿಯನ್ನು ಅಂಗಿಯೊಳಗೆ ಸೇರಿಸಿಕೊಂಡೆ. ಆಕೆ ರಿಬ್ಬನ್ನಿಗೆ ನೀರು ಚಿಮುಕಿಸಿ, ತುದಿಯಿಂದ ತುದಿಗೆ ಪೆಟ್ಟಿಗೆ ಎಳೆದು, ನೀಟಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪೆಟ್ಟಿಗೆಯ ಕೆಂಡ ಹೊರಗೆ ಸುರಿದಳು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಓಣಿಗೆ ಇಳಿದಳು. ಮೊದಲ ಏಟಿಗೆ ಬೀಗ ಅಲುಗಿತು, ಎರಡನೆಯದಕ್ಕೆ ಚಿಲಕ ಸಮೇತ ಕಿತ್ತು ಬಂತು. ನಾನು "ಹುಷಾರು" ಎಂದೆ. ಅಭ್ಯಾಸ.

ಸೊಸೆಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಒಳಗೆ ಬಿಟ್ಟಳು. ಸೊಸೆ ಹೊರಬಂದ ಮೇಲೆ ಚೊಂಬು ಬಾಯಿಗಿಟ್ಟು ಪೂರ್ತಿ ಕುಡಿಸಿದಳು. ನಂತರ ಬಾಗಿಲ ಪಕ್ಕ ಸ್ಟೂಲು ಹಾಕಿ ಕೂತಳು. "ನೀರು ಹಾಕದೆ ಬಂದ್ರೆ ಕಾಲು ಮುರೀತೀನಿ" ಎಂದು ಎಲ್ಲರಿಗೂ ಒಂದೇ ಆಶೀರ್ವಾದ. ಟೈಲರನ ಹೆಂಡತಿ ಬಂದಾಗ ಮುಖ ಆ ಕಡೆ ತಿರುಗಿಸಿ, ಕಾಲು ಮಾತ್ರ ಸರಿಸಿ ದಾರಿ ಬಿಟ್ಟಳು.

ಮರುದಿನವೇ ಅತಿಥಿಗಳಿಗೆ ಬಿಡುವಾಯಿತು. ಜೊತೆಗೆ ಕ್ಯಾಮೆರಾ, ತಟ್ಟೆಯಲ್ಲಿ ಕತ್ತರಿ. ಬಾಗಿಲ ಮುಂದೆ ಹೆಂಗಸರ ಉದ್ದ ಸಾಲು, ಒಳಗೆ ನೀರು ಸುರಿಯುವ ಸದ್ದು. ಮೇಲಧಿಕಾರಿಯ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

"ರಿಬ್ಬನ್ ಎಲ್ರೀ?" ಎಂದು ನನ್ನ ಕಿವಿಯಲ್ಲಿ ಹಲ್ಲು ಕಡಿದರು.

ನಾನು ಬಾಗಿಲ ಪಕ್ಕದ ನಲ್ಲಿಯತ್ತ ಬೆರಳು ತೋರಿಸಿದೆ. ಯಾರೂ ಎತ್ತಿಕೊಂಡು ಹೋಗದಿರಲೆಂದು ಇಸ್ತ್ರಿಯಮ್ಮ ನೀರಿನ ಮಗ್ಗನ್ನು ಅದಕ್ಕೆ ಕಟ್ಟಿಹಾಕಿದ್ದಳು. ಕೆಂಪು ರಿಬ್ಬನ್, ಒಂದು ಸುಕ್ಕಿಲ್ಲ. ಸೊಸೆ ಸ್ಟೂಲಿನ ಮೇಲೆ ಕೂತು, ಚೊಂಬು ಎತ್ತಿ ನಿಧಾನವಾಗಿ ನೀರು ಕುಡಿಯುತ್ತಿದ್ದಳು.

ಅತಿಥಿಗಳು ಕತ್ತರಿ ಹಿಡಿದುಕೊಂಡೇ ಇಸ್ತ್ರಿಯಮ್ಮನ ಮುಂದೆ ಬಂದು ನಿಂತರು. "ಎಲ್ಲ ನೀವೇ ಶುರು ಮಾಡ್ಕೊಂಡ್ರೆ, ಇಷ್ಟು ದೂರದಿಂದ ನಾನು ಬಂದಿದ್ದು ಯಾತಕ್ಕಮ್ಮಾ?"

ಆಕೆ ಅವರ ಕಾಲರನ್ನೊಮ್ಮೆ ನೋಡಿದಳು.

"ಒಂದಕ್ಕೋ ಎರಡಕ್ಕೋ ನೀವೇ ಹೇಳ್ಬೇಕು ಸ್ವಾಮೀ. ಯಾವುದಕ್ಕಾದ್ರೂ ಸರಿ, ಸಾಲಲ್ಲಿ ನಿಲ್ಲಿ."