ಶಾಂತವೀರಪ್ಪನವರ ಲಂಡನ್ ಸ್ವೆಟರ್

"ಮೊದ್ಲು ಸ್ವೆಟರ್ ಬತ್ತದೆ, ಅದರ ಹಿಂದೆ ಹೊಟ್ಟೆ ಬತ್ತದೆ, ಕಡೇಲಿ ಮನುಷ್ಯ ಬತ್ತಾನೆ." ಜಯನಗರದ ಆ ಬೀದಿಯಲ್ಲಿ ಶಾಂತವೀರಪ್ಪನವರನ್ನು ಕಂಡಾಗಲೆಲ್ಲ ನೆರೆಯವರು ಆಡುತ್ತಿದ್ದ ಮಾತು ಇದು. ಮೊದಲು ಆಡಿದವಳು ಮನೆಯ ಒಡತಿ ಮುನಿಲಕ್ಷ್ಮಮ್ಮ. ಬಡಾವಣೆ ಬರುವ ಮುಂಚೆ ಅಲ್ಲೇ ಗಂಡನ ಜೊತೆ ರಾಗಿ ಬೆಳೆಯುತ್ತಿದ್ದವಳು. ಈಗ ಉಳಿದ ತುಂಡು ನೆಲದಲ್ಲಿ ಎರಡು ಮನೆ ಕಟ್ಟಿಸಿ, ಒಂದರಲ್ಲಿ ತಾನು ಎಮ್ಮೆ ಕಟ್ಟಿಕೊಂಡು, ಇನ್ನೊಂದನ್ನು ಶಾಂತವೀರಪ್ಪನವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಹಾಲಿಗೆ ನೀರು ಬೆರೆಸುತ್ತಿದ್ದಳೇ ಹೊರತು ಮಾತಿಗೆ ಬೆರೆಸುತ್ತಿರಲಿಲ್ಲ.

ಶಾಂತವೀರಪ್ಪನವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಒಂದೇ ಒಂದು ಕಾಯಿಲೆ: ಮನೆಯಲ್ಲಿ ಹುಟ್ಟಿದ ಯಾವ ವಸ್ತುವೂ ಮನೆಯಲ್ಲೇ ಹುಟ್ಟಿತೆಂದು ಹೇಳಲು ಅವರ ನಾಲಗೆ ಒಪ್ಪುತ್ತಿರಲಿಲ್ಲ. ಹೆಂಡತಿ ಗಿರಿಜಾದೇವಿ ಕುಟ್ಟಿದ ಚಟ್ನಿಪುಡಿ ಕಚೇರಿಯಲ್ಲಿ ಡಬ್ಬಿ ತೆರೆಯುವ ಹೊತ್ತಿಗೆ "ಅರಮನೆ ಅಡಿಗೆಯವರ ಕೈಯದ್ದು" ಆಗಿರುತ್ತಿತ್ತು. ಆಕೆ ಹೊಲಿದ ದಿಂಬಿನ ಚೀಲ "ಮದರಾಸಿನ ಮಾಲು" ಆಗಿತ್ತು. ಮಕ್ಕಳಿರಲಿಲ್ಲ; ಇದ್ದಿದ್ದರೆ ಅವೂ ಸಿಮ್ಲಾದಿಂದ ಬಂದವೇ ಆಗುತ್ತಿದ್ದವು.

ಗಿರಿಜಾದೇವಿಗೆ ಒಡವೆಯ ಆಸೆ ಇರಲಿಲ್ಲ. "ಇದು ನಮ್ಮನೆಯವಳು ಮಾಡಿದ್ದು" ಅಂತ ಗಂಡ ಒಂದು ಸಲ, ಒಬ್ಬರೆದುರಿಗೆ ಹೇಳಬೇಕು. ಅಷ್ಟೇ.

ಆ ವರ್ಷ ಚಳಿ ಜೋರಾಗಿತ್ತು. ಕಚೇರಿಯ ಸಾಹೇಬರು ಉದ್ದುದ್ದ ಗೆರೆಯ, ಮೈಗೆ ಹತ್ತಿದಂಥ, ತಲೆಯಿಂದ ಇಳಿಸಿಕೊಳ್ಳುವ ಸ್ವೆಟರ್ ಹಾಕಿಕೊಂಡು ಬಂದರು. ಶಾಂತವೀರಪ್ಪನವರ ಊಟ ಅವತ್ತಿನಿಂದ ರುಚಿ ಕೆಟ್ಟಿತು. ಹನುಮಂತನಗರದ ಮಹಿಳಾ ಸಮಾಜದಲ್ಲಿ ಸತ್ಯಭಾಮಾ ಟೀಚರ ಕೈಯಲ್ಲಿ ಹೆಣಿಗೆ ಕಲಿತಿದ್ದ ಗಿರಿಜಾದೇವಿ ಚಿಕ್ಕಪೇಟೆಗೆ ಹೋಗಿ ಸುಟ್ಟ ಇಟ್ಟಿಗೆ ಬಣ್ಣದ ಉಲ್ಲನ್ ತಂದಳು.

"ರೀ, ಮುಂದುಗಡೆ ಗುಂಡಿ ಇಡ್ತೀನಿ. ಪೂಜೆಗೆ ಕರಡಿಗೆ ತೆಗೆಯೋಕೆ ಸಲೀಸು."

ಮಾತು ನ್ಯಾಯವಾದದ್ದೇ. ಅವರು ಲಿಂಗವಂತರು, ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ, ಎದೆಯ ಮೇಲೆ ಸದಾ ಇರುವಂಥದ್ದು. ಬೆಳಿಗ್ಗೆ ಸಂಜೆ ಅದನ್ನು ಹೊರತೆಗೆದು ಅಂಗೈಯಲ್ಲಿಟ್ಟು ಪೂಜಿಸಬೇಕು.

"ಗುಂಡಿ ಸ್ವೆಟರ್ ಹಾಕೋರು ನರ್ಸಮ್ಮಂದಿರು. ನಂಗೆ ಬಿಗಿಯಾಗಿ ಬೇಕು. ಸಾಹೇಬ್ರದ್ದು ಹೆಂಗಿದೆ ಹಂಗೆ."

"ಸಾಹೇಬ್ರ ಎದೆ ಮೇಲೆ ಕರಡಿಗೆ ಇಲ್ವಲ್ರೀ."

"ನಿಂಗೆ ಫ್ಯಾಷನ್ ಗೊತ್ತಿಲ್ಲ, ಬಿಡು."

ಅಳತೆ ಕೊಡುವಾಗ ಶಾಂತವೀರಪ್ಪನವರು ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಮೆರವಣಿಗೆಯ ಪೊಲೀಸಿನವರಂತೆ ನಿಂತರು. ಗಿರಿಜಾದೇವಿ ಆ ಅಳತೆಯನ್ನು ಗೌರವದಿಂದ ತೆಗೆದುಕೊಂಡು, ಅಡಿಗೆಮನೆಗೆ ಹೋಗಿ, ಊಟವಾದ ಮೇಲಿನ ಹೊಟ್ಟೆಯನ್ನು ನೆನೆದು ಅದಕ್ಕೆ ತಕ್ಕ ಕುಣಿಕೆಗಳನ್ನು ಕಡ್ಡಿಗೆ ಏರಿಸಿದಳು. ಎರಡು ಸೀದಾ, ಎರಡು ಉಲ್ಟಾ. ಈ ಹೆಣಿಗೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅಂಥ ಗಂಡನಿಗೆ ಇಂಥದ್ದೇ ಸರಿ. ಮುಂದಿನದೊಂದು ಹಾಳೆ, ಹಿಂದಿನದೊಂದು ಹಾಳೆ, ಎರಡು ತೋಳು. ಹೊಟ್ಟೆ ಇನ್ನೂ ಬೆಳೆಯುವಂಥದ್ದೆಂದು ತಿಳಿದಿದ್ದರಿಂದ, ಎರಡು ಪಕ್ಕವನ್ನೂ ತೋಳಿನ ಅಡಿಯನ್ನೂ ಎಳೆದರೆ ಬಿಚ್ಚಿಕೊಳ್ಳುವಂತೆ ಉದ್ದ ದಾರದಲ್ಲಿ ಹೊಲಿದು, ಗಂಟುಗಳನ್ನು ಕಂಕುಳಲ್ಲಿ ಯಾರಿಗೂ ಕಾಣದಂತೆ ಬಚ್ಚಿಟ್ಟಳು. ಹೆಣೆದದ್ದೆಲ್ಲ ಒಳಕೋಣೆಯಲ್ಲೇ. "ಜಗಲಿ ಮೇಲೆ ಕೂತು ಹೆಣೀಬೇಡ, ಬಡವರ ಹಂಗೆ ಕಾಣ್ತದೆ" ಎಂದು ಗಂಡನ ಅಪ್ಪಣೆಯಾಗಿತ್ತು.

ಮೊದಲ ದಿನ ಸ್ವೆಟರ್ ಹಾಕಿಕೊಂಡು, ಕೆಳಗೆ ಪಂಚೆಯುಟ್ಟು, ಲಾಲ್‌ಬಾಗಿಗೆ ಹೊರಟರು. ಗೇಟಿನಲ್ಲಿ ಮುನಿಲಕ್ಷ್ಮಮ್ಮನ ಗಂಡ ಚಿಕ್ಕಬೈರಪ್ಪ ಎಮ್ಮೆ ತೊಳೆಯುತ್ತಿದ್ದ.

"ಓಹೋಹೋ, ಏನ್ ಸಾಮಿ, ಮದ್ವೆ ಗಂಡಿದ್ದಂಗಿದೀರಿ! ಎಲ್ ತಕೊಂಡ್ರಿ ಇದ?"

ಬಾಗಿಲ ಹಿಂದೆ ಗಿರಿಜಾದೇವಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು.

"ಇದಾ? ಲಂಡನ್ನಿಂದು ಚಿಕ್ಕಬೈರಪ್ಪ. ನಮ್ಮ ಸಾಹೇಬ್ರು ತರಿಸಿಕೊಟ್ರು."

ಒಳಗೆ ಹಾಲು ಉಕ್ಕಿತು. ಆಕೆ ಇಳಿಸಲು ಹೋಗಲಿಲ್ಲ.

ಸುಳ್ಳಿಗೆ ಬೆಂಬಲವಾಗಿ ನಿಲ್ಲಬೇಕಾದ ಸ್ವೆಟರೇ ಅವರ ಮಾನ ತೆಗೆಯಿತು. ಬಿಗಿ ಹೆಣಿಗೆಯಡಿ ಕರಡಿಗೆ ಎದೆಯ ನಡುವೆ ಉಬ್ಬಿಕೊಂಡು ನಿಂತಿತ್ತು. ಲಾಲ್‌ಬಾಗಿನ ಬಂಡೆಯ ಮೇಲೆ ವಿಲ್ಸನ್ ಗಾರ್ಡನ್ನಿನ ಯಾರೋ ಪರಿಚಯವಿಲ್ಲದವರು, "ಏನ್ ಸಾರ್, ಕೋಳಿಮೊಟ್ಟೆ ಬೆಚ್ಚಗಿರ್ಲಿ ಅಂತ ಒಳಗಿಟ್ಟಿದೀರಾ?" ಎಂದುಬಿಟ್ಟರು. ಮೊಟ್ಟೆಯ ಹೆಸರು ಕೇಳಿದರೆ ಸ್ನಾನ ಮಾಡುವ ಮನೆತನದವರು! ಮನೆಗೆ ಬಂದು ಎರಡು ಚೊಂಬು ಹೆಚ್ಚಿಗೆ ಸುರಿದುಕೊಂಡರು. ಆದರೂ ಗುಂಡಿಯ ಮಾತೆತ್ತಲಿಲ್ಲ. ದಿನವೂ ಪೂಜೆಗೆ ಸ್ವೆಟರ್ ಕಳಚುವಾಗ ತಲೆ ಅದರ ಕತ್ತಿನಲ್ಲಿ ಸಿಕ್ಕಿಕೊಂಡು, ಎರಡು ತೋಳೂ ಆಕಾಶಕ್ಕೆ ಹೋಗಿ, "ಗಿರಿಜಾ! ಗಿರಿಜಾ!" ಎಂದು ಒಳಗಿನಿಂದ ಕೂಗು ಬರುತ್ತಿತ್ತು. ಆಕೆ ಕೊಂಚ ನಿಧಾನವಾಗಿಯೇ ಹೋಗುತ್ತಿದ್ದಳು.

ಮುನಿಲಕ್ಷ್ಮಮ್ಮನಿಗೆ ಅನುಮಾನವಿಲ್ಲದೆ ಇರಲಿಲ್ಲ. ಒಂದು ದಿನ ಹಾಲು ಅಳೆಯುತ್ತಾ, "ಅಲ್ಲ ಕಣ್ ಗಿರಿಜಕ್ಕ, ಲಂಡನ್ನಲ್ಲೂ ನಿಮ್ಮನೆ ಸೌದೆ ಒಲೆ ಹೊಗೆ ವಾಸ್ನೆ ಐತಾ?" ಎಂದಳು.

ನಿಜ ಗಿರಿಜಾದೇವಿಯ ತುದಿನಾಲಗೆಗೆ ಬಂದಿತ್ತು. ಗಂಡ ಹೇಳಬೇಕಾದ ಮಾತನ್ನು ತಾನೇ ಹೇಳಿಕೊಂಡರೆ ಏನು ಬಂತು? "ಅವ್ರನ್ನೇ ಕೇಳಿ" ಎಂದು ಚೊಂಬು ಎತ್ತಿಕೊಂಡು ಒಳಗೆ ಹೋದಳು.

ಕೆಲವು ಚಳಿಗಾಲ ಕಳೆದು ಮೊಣಕೈ ಸವೆದು ತೂತಾಯಿತು. ಶಾಂತವೀರಪ್ಪನವರು ಸ್ವೆಟರನ್ನು ಹೆಂಡತಿಯ ಮಡಿಲಿಗೆ ಹಾಕಿದರು.

"ಅಯ್ಯೋ, ಲಂಡನ್ ಮಾಲು! ನಮ್ಮ ಚಿಕ್ಕಪೇಟೆ ಕಡ್ಡಿಗೆ ಬಗ್ಗತ್ತೇನ್ರೀ? ಸಾಹೇಬ್ರ ಕೈಲೇ ಕಳಿಸಿ."

ಎರಡು ವಾರ ತೂತನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮಹಾ ಚಿಂತಕರಂತೆ ಕೈಕಟ್ಟಿ ತಿರುಗಾಡಿದರು. ಹುಣ್ಣಾಗಿದೆಯೇನೋ ಎಂದು ಚಿಕ್ಕಬೈರಪ್ಪ ಬೇವಿನೆಲೆ ತಂದುಕೊಟ್ಟ. ಕಡೆಗೆ ಕರುಣೆ ಬಂದದ್ದು ಗಿರಿಜಾದೇವಿಗೇ. ಹಳೆಯ ಬಣ್ಣ ಸಿಗದೆ ಬೂದುಬಣ್ಣದ ತೇಪೆ ಹಾಕಿದಳು. ಮಾರನೆಯ ದಿನ ಗೇಟಿನಲ್ಲಿ ಕೇಳಿಸಿತು: "ಅಲ್ಲೀಗ ಮೊಣಕೈಗೆ ತೇಪೆ ಹಾಕೋದೇ ಫ್ಯಾಷನ್ ಚಿಕ್ಕಬೈರಪ್ಪ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಶಾಂತವೀರಪ್ಪನವರು ಆ ಮೇಲೆ ಯುಗಾದಿಯ ಬಿಸಿಲಿಗೂ ಸ್ವೆಟರ್ ಬಿಡಲಿಲ್ಲ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಲಾಲ್‌ಬಾಗಿನಿಂದ ಬಂದವರು ಬೆತ್ತದ ಕುರ್ಚಿಯಲ್ಲಿ ಕೈಕಟ್ಟಿ ಕೂತು, "ಗಿರಿಜಾ, ಕಾಫಿ" ಎಂದರು. ಕಾಫಿ ಬರುವಷ್ಟರಲ್ಲಿ ಅವರಿರಲಿಲ್ಲ. ಅವರ ಪದ್ಧತಿಯಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣಿಗಿಡುವುದು. ಶಾಂತವೀರಪ್ಪನವರು ಆ ತೊಂದರೆಯನ್ನೂ ಯಾರಿಗೂ ಕೊಡಲಿಲ್ಲ.

ಕೊಟ್ಟ ತೊಂದರೆ ಬೇರೆ. ಉತ್ತರಹಳ್ಳಿಯಿಂದ ಅಣ್ಣ ಮರುಳಸಿದ್ದಪ್ಪನವರು ಬರುವ ಹೊತ್ತಿಗೆ ಮಧ್ಯಾಹ್ನವಾಗಿ, ಕಟ್ಟಿದ ಕೈ ಕಟ್ಟಿದಂತೆಯೇ ಸೆಟೆದಿತ್ತು. ವಿಭೂತಿ ಹಚ್ಚಬೇಕು, ಲಿಂಗವನ್ನು ಎಡಗೈಯಲ್ಲಿ ಇಡಬೇಕು. ಲಿಂಗ ಕರಡಿಗೆಯೊಳಗೆ, ಕರಡಿಗೆ ಸ್ವೆಟರೊಳಗೆ. ನಾಲ್ಕು ಜನ ಸೇರಿ ಎಳೆದರು. ಹೆಣಿಗೆ ಹಿಗ್ಗಿತು, ಕುಗ್ಗಿತು, ಬಿಡಲಿಲ್ಲ.

"ಕತ್ತರಿ ತನ್ನಿ" ಎಂದರು ಮರುಳಸಿದ್ದಪ್ಪ.

"ಲಂಡನ್ನಿಂದು ಸಾಮಿ, ಒಂದ್ಸಲ ನೋಡಿ" ಎಂದು ಬಾಗಿಲಲ್ಲಿ ಯಾರೋ ಮರುಗಿದರು.

ಅಲ್ಲಿಯವರೆಗೆ ಗೋಡೆಗೊರಗಿ ಅಳುತ್ತಿದ್ದ ಗಿರಿಜಾದೇವಿ ಎದ್ದಳು. "ಕತ್ತರಿ ಹಾಕ್ಬೇಡಿ ಭಾವ. ಆಚೆ ಸರೀರಿ."

ಗಂಡನ ಎಡಕಂಕುಳಿಗೆ ಬೆರಳು ತೂರಿಸಿದಳು. ಹುಡುಕಲಿಲ್ಲ, ನೇರ ಗಂಟಿಗೇ ಕೈ ಹೋಯಿತು. ಉಗುರಿನಲ್ಲಿ ಬಿಡಿಸಿ ದಾರ ಎಳೆದಳು. ತೋಳು ಬಾಯಿಬಿಟ್ಟಿತು, ಪಕ್ಕ ಸೊಂಟದವರೆಗೆ ಸರಸರನೆ ತೆರೆಯಿತು. ಬಲಗಡೆಯೂ ಹಾಗೆಯೇ. ಎರಡು ಹಾಳೆಯನ್ನೂ ಒಟ್ಟಿಗೆ ಹಿಡಿದು ತಲೆಯ ಮೇಲಿನಿಂದ ತೆಗೆದಳು. ಒಂದು ಕುಣಿಕೆಯೂ ಹರಿದಿರಲಿಲ್ಲ.

ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಂದ ತೆಗೆದಳು. "ಅಲ್ಲ ಗಿರಿಜಕ್ಕ... ಲಂಡನ್ನೋರು ಗಂಟು ಎಲ್ಲಿ ಹಾಕವ್ರೆ ಅಂತ ನಿಂಗೆಂಗೆ ಗೊತ್ತಾಯ್ತು?"

ಗಿರಿಜಾದೇವಿ ಸ್ವೆಟರನ್ನು ಮಡಿಚಿ ಮಡಿಲಿಗೆ ಇಟ್ಟುಕೊಂಡಳು. ಗಂಡನ ಮುಖ ನೋಡಿದಳು. ಇನ್ನು ಅವರು ಹೇಳುವಂತಿರಲಿಲ್ಲ.

"ನಾನೇ ಹಾಕಿದ್ದು."

ಶಾಂತವೀರಪ್ಪನವರು ಬರಿ ಮೈಯಲ್ಲಿ, ಹಣೆ ಎದೆ ತುಂಬ ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು, ಬಿದಿರಿನ ಮಂಟಪದಲ್ಲಿ ಕೂತು ಕಡೆಯ ಸಲ ಮನೆಯಿಂದ ಹೊರಟರು. ಅಷ್ಟು ಚೆಲುವಾಗಿ ಅವರು ಯಾವತ್ತೂ ಕಂಡಿರಲಿಲ್ಲ. ಎಮ್ಮೆಯನ್ನು ದಾರಿಯಿಂದ ಸರಿಸುತ್ತಿದ್ದ ಚಿಕ್ಕಬೈರಪ್ಪ ಮೇಲೆ ನೋಡಿ, "ಲಂಡನ್ ಸ್ವೆಟರ್ ಎಲ್ಲೋಯ್ತು?" ಎಂದ.

"ಯಾವ್ ಲಂಡನ್ನು, ಸುಮ್ಕಿರಿ!" ಮುನಿಲಕ್ಷ್ಮಮ್ಮನ ಗಂಟಲು ಬೀದಿಯ ಕೊನೆಯವರೆಗೂ ಹೋಯಿತು. "ಅದು ನಮ್ ಗಿರಿಜಕ್ಕ ಹೆಣೆದಿದ್ದು!"

ಶಾಂತವೀರಪ್ಪನವರು ಎದುರು ಮಾತಾಡದೆ ಗೇಟು ದಾಟಿದರು.