ಮೂರು ಗೆರೆ ಕಳೆಯುವ ಕ್ಯಾಲಿಪರ್

ಎರಡನೇ ಪಿಯುಸಿಯ ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ತಂಗಿಗೆ ಪೂರ್ತಿ ಅಂಕ ಬಂದಿದೆ ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನು ಅರ್ಧ ಊಟಕ್ಕೇ ಕೈ ತೊಳೆದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಹೊಟ್ಟೆಕಿಚ್ಚು ಬಾರದೆ ಇನ್ನೇನು ಬರುತ್ತದೆ ಎಂದಳು ಅವ್ವ. ಕಿಚ್ಚು ಇದ್ದದ್ದು ನಿಜ, ಅದು ಹೊಟ್ಟೆಯದಾಗಿರಲಿಲ್ಲ. ಆ ಪರೀಕ್ಷೆಯಲ್ಲಿ ನನ್ನ ತಂಗಿ ಏನನ್ನೂ ಅಳೆದಿರಲಿಲ್ಲ. ಹಿಂದಿನ ವರ್ಷದವರು ಬಿಟ್ಟುಹೋದ ರೀಡಿಂಗುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಬರೆದು ಬಂದಿದ್ದಳು. ಹಾಗೆ ಬರೆಯುವುದನ್ನು ಅವಳು ಕಲಿಯುವಂತೆ ಮಾಡಿದವನು ನಾನು.

ಮೊದಲನೇ ಪಿಯುಸಿ ಸೇರಿದಾಗ ಅವಳು ಹಾಗಿರಲಿಲ್ಲ. ಕಾಲೇಜಿನಲ್ಲಿ ದಪ್ಪ, ವ್ಯಾಸ ಅಳೆಯುವ ವರ್ನಿಯರ್ ಕ್ಯಾಲಿಪರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮುರಿದರೆ ಲೆಕ್ಚರರೇ ಜವಾಬು ಹೇಳಬೇಕಂತೆ. ತೆಗೆದ ದಿನವೂ ಒಂದು ಮೇಜಿಗೆ ಒಂದೇ. ಯಾರೋ ಹುಡುಗ ಹಿಡಿದು ಅಂಕಿ ಕೂಗುತ್ತಿದ್ದ, ಉಳಿದವರು ಬರೆದುಕೊಳ್ಳುತ್ತಿದ್ದರು. ಅಳೆಯಲು ಇರುವ ವಸ್ತುವನ್ನು ಅಳೆಯಲು ಬಿಡದೆ, ಅಳತೆಯ ಪರೀಕ್ಷೆ ಇಡುವ ಇಂಥ ಕಾಲೇಜುಗಳನ್ನು ಏನೆಂದು ಬೈಯಲಿ?

"ನಂಗೆ ನಾನೇ ಅಳೀಬೇಕು ಕಣಣ್ಣ," ಎಂದಳು ಒಂದು ದಿನ. "ನಿನ್ ಕೆಲಸದ ತಾವ ಐತಲ್ಲ, ಒಸಿ ತಂದುಕೊಡು."

ನಾನು ಚನ್ನಪಟ್ಟಣದಲ್ಲಿ ಗೊಂಬೆ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಆಟದ ಗಾಡಿಯ ಗಾಲಿ, ಆ ಗಾಲಿಗೆ ತೂರಿಸುವ ಕಡ್ಡಿ, ಇವನ್ನು ಕಡೆದು ಅರಗಿನ ಬಣ್ಣ ಕೊಡುವುದು. ಕಡ್ಡಿ ದಪ್ಪವಾದರೆ ಗಾಲಿ ತಿರುಗುವುದಿಲ್ಲ. ಅದಕ್ಕೆ ನಮ್ಮ ಶೆಡ್ಡಿನಲ್ಲಿ ಒಂದು ಕ್ಯಾಲಿಪರ್ ಇದೆ. ಅದು ಯಾವತ್ತೋ ಸಿಮೆಂಟು ನೆಲಕ್ಕೆ ಬಿದ್ದು, ಬಾಯಿ ಪೂರ್ತಿ ಮುಚ್ಚಿದರೂ ಸೊನ್ನೆಗೆ ಬಾರದೆ ಮೂರು ಗೆರೆ ಮುಂದೆಯೇ ನಿಲ್ಲುತ್ತಿತ್ತು. ಸೇರಿದ ದಿನವೇ ಮೇಸ್ತ್ರಿ ಹೇಳಿಕೊಟ್ಟಿದ್ದರು: ಏನೇ ಅಳೆದರೂ ಮೂರು ಗೆರೆ ಕಳೆದು ಹೇಳು. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಕಳೆಯುತ್ತಿದ್ದೇವೆ ಎನ್ನುವುದೇ ಈಗ ಯಾರಿಗೂ ನೆನಪಿರುವುದಿಲ್ಲ. ಗಾಲಿಗಳು ತಿರುಗುತ್ತಿವೆಯಲ್ಲ, ಸಾಕು.

ಒಂದು ಭಾನುವಾರ ಅದನ್ನು ಮನೆಗೆ ತಂದೆ. ನನ್ನ ಜೊತೆಯವರು ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿ ಯೂನಿಫಾರಂ ಹಾಕಿಕೊಂಡು ಓಡಾಡುವಾಗ ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡು ಮನೆಗೆ ಬರುವವನು ನಾನು. ಅವತ್ತು ಕಾಲೇಜು ಓದುವವಳಿಗೆ ಪಾಠ ಹೇಳಲು ಕುಳಿತಿದ್ದೆ. ಜಗಲಿಯ ಮೇಲೆ ಗೋಲಿ, ಬಳೆ, ಪೆನ್ನು, ಸಿಕ್ಕಿದ್ದನ್ನೆಲ್ಲ ಅಳೆಸಿದೆ. ಅವಳ ಕಣ್ಣು ಚುರುಕು. ಯಾವ ಗೆರೆ ಯಾವುದರ ನೇರಕ್ಕೆ ಕೂತಿದೆ ಎಂದು ನನಗಿಂತ ಬೇಗ ಹಿಡಿದಳು. ಹಾಗೆ ಹಿಡಿದವಳೇ ಕ್ಯಾಲಿಪರಿನ ಬಾಯಿ ಮುಚ್ಚಿ ನೋಡಿ ಕೇಳಿದಳು:

"ಅಣ್ಣ, ದೋಷ ಇದ್ರೆ ಕಳೀಬೇಕು ಅಂತ ಪುಸ್ತಕದಾಗೆ ಬರ್ದವ್ರೆ. ಇದಕ್ಕೆ ದೋಷ ಐತಾ?"

ಐತೆ ಎಂದಿದ್ದರೆ ಮುಗಿಯುತ್ತಿತ್ತು. ಹೆಮ್ಮೆಯಿಂದ ಟವೆಲ್ಲಿನಲ್ಲಿ ಸುತ್ತಿ ತಂದದ್ದು ಮುಕ್ಕಾದ ಸಾಮಾನು ಎಂದು ಅವಳ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

"ಇದಕ್ಯಾವ ದೋಷಾನೂ ಇಲ್ಲ ಕಣಮ್ಮಿ. ಎಲ್ಲಾ ಕ್ಯಾಲಿಪರ್ರೂ ಹಿಂಗೇ. ಮೂರು ಕಳೀಬೇಕು ಅಷ್ಟೇ. ದಿನಾ ಅಳೆಯೋನು ನಾನೋ, ನಿನ್ ಪುಸ್ತಕವೋ?"

ಅವಳು ನಕ್ಕು ಪುಸ್ತಕ ಮುಚ್ಚಿದಳು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಒಂದು ಲೋಹದ ಗುಂಡಿನ ವ್ಯಾಸ ಕೇಳಿದ್ದರು. ಉಳಿದವರು ಸೀನಿಯರುಗಳು ಹೇಳಿಕೊಟ್ಟಿದ್ದ ಅಂಕಿ ಬರೆದರು. ಇವಳೊಬ್ಬಳು ಅಳೆದಳು. ಅಳೆದು, ಮೂರು ಗೆರೆ ಕಳೆದಳು. ಯಾಕೆ ಕಳೆದೆ ಎಂದು ಲೆಕ್ಚರರು ಕೇಳಿದಾಗ ಅಣ್ಣ ಹೇಳಿಕೊಟ್ಟಿದ್ದಾನೆ ಎಂದಳಂತೆ. ಹಾಗಾದರೆ ಅಂಕವನ್ನೂ ಅಣ್ಣನ ಹತ್ತಿರವೇ ಇಸಕೋ ಎಂದು ಅವರು ಹಾಳೆಯ ಮೇಲೆ ಕೆಂಪು ಗೀಟು ಎಳೆದರಂತೆ. ಕ್ಲಾಸೆಲ್ಲ ನಕ್ಕಿತು. ಕ್ಯಾಲಿಪರನ್ನೇ ಮುಟ್ಟದವರೆಲ್ಲ ಸರಿ, ಅಳೆದವಳು ತಪ್ಪು. ಆ ಮನುಷ್ಯ ಅದನ್ನು ಇನ್ನೊಂದು ಸಲ ಅವಳ ಕೈಗೆ ಕೊಟ್ಟು, ಮುಚ್ಚಿ ನೋಡಮ್ಮ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅವರನ್ನು ಬೈದು ಬೈದು ನನ್ನ ಬಾಯಿ ಸೋತಿದೆ. ಆದರೆ ಅದಕ್ಕಿಂತ ಹೊಲಸು ಕೆಲಸ ಅವತ್ತು ಸಂಜೆ ನಾನು ಮಾಡಿದೆ. ತಂಗಿ ಅಳುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು: "ಅಣ್ಣ, ಎದ್ದು ಬರೋವಾಗ ಕಾಲೇಜಿನ ಕ್ಯಾಲಿಪರ್ ಮುಚ್ಚಿ ನೋಡ್ದೆ. ಸೊನ್ನೆ ಸೊನ್ನೆಗೇ ಕೂತ್ಕತದೆ."

ತಪ್ಪು ನನ್ನದು ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ. "ನೀನ್ ಸರಿಯಾಗಿ ನೋಡಿರಕ್ಕಿಲ್ಲ ಬುಡು," ಎಂದೆ.

ಅವಳು ನಂಬಿದಳು. ದಿನಾ ಅಳೆಯುವ ಅಣ್ಣನಲ್ಲವೇ! ಆಮೇಲೆ ಅವಳು ಕ್ಯಾಲಿಪರ್ ತಂದುಕೊಡು ಎಂದು ಕೇಳಲಿಲ್ಲ. ಎರಡನೇ ವರ್ಷ ಪೂರ್ತಿ ಪಕ್ಕದ ಮೇಜಿನವರನ್ನು ನೋಡಿ ರೀಡಿಂಗ್ ಬರೆದಳು. ರಾಮನಗರಕ್ಕೆ ಹೋಗಿ ಬಿಎಸ್ಸಿ ಸೇರುತ್ತೇನೆ ಎನ್ನುತ್ತಿದ್ದವಳು, ಈಗ ಪೂರ್ತಿ ಅಂಕ ಬಂದ ಮೇಲೂ, ಬಿಕಾಂ ಸಾಕು ಎಂದು ಅವ್ವನಿಗೆ ಹೇಳಿದಳು. ನಾನು ಊಟ ಬಿಟ್ಟದ್ದು ಆ ಮಾತು ಕೇಳಿ.

ಕೈ ತೊಳೆದು ಎದ್ದಾಗ ತಂಗಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೋಗಿ ಎಲ್ಲವನ್ನೂ ಹೇಳಿದೆ: ಅದು ನೆಲಕ್ಕೆ ಬಿದ್ದದ್ದು, ಮೇಸ್ತ್ರಿ ಹೇಳಿದ್ದು, ನನಗೆ ಮೊದಲೇ ಗೊತ್ತಿದ್ದದ್ದು. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

"ಅಂಗಾದ್ರೆ ಆ ಗುಂಡು, ಕಳೆಯಕ್ಕೆ ಮುಂಚೆ ನಾನ್ ನೋಡಿದ್ದು ಸರಿ ಇತ್ತಾ?"

"ಸರಿ ಇತ್ತು."

"ಇಷ್ಟು ದಿನ ನನ್ ಕಣ್ಣೇ ಸರಿಯಿಲ್ಲ ಅನ್ಕಂಡಿದ್ನಲ್ಲಣ್ಣ."

ಬೈಯಲಿ ಎಂದು ನಿಂತೇ ಇದ್ದೆ. ಅವಳು ಬೈಯಲಿಲ್ಲ. ಹಿಂಡಿದ ನನ್ನ ಅಂಗಿಯನ್ನು ಕೊಡವಿ ತಂತಿಯ ಮೇಲೆ ಹಾಕಿದಳು. ಬಿಎಸ್ಸಿಯ ಮಾತು ಮಾತ್ರ ಅವಳೂ ಎತ್ತಲಿಲ್ಲ, ನನಗೂ ಬಾಯಿ ಬರಲಿಲ್ಲ.