ಅಜ್ಜಿಯ ಕೈಗೊಂದು ಗೋಡೆ

ಬಣ್ಣದಂಗಡಿಯಲ್ಲಿ ಅವನಿಗೆ ಶೇಡ್‌ಕಾರ್ಡ್ ಎಂದೇ ಹೆಸರು. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಬಣ್ಣದ ಚೀಟಿಗಳ ಪುಸ್ತಕವನ್ನು ಬೀಸಣಿಗೆಯಂತೆ ಬಿಚ್ಚಿ ಮೂಗಿನ ಕೆಳಗೆ ಹಿಡಿಯುತ್ತಿದ್ದ. ಎಂಟು ವರ್ಷದಿಂದ ಅದೇ ಕೆಲಸ. ಯಾವ ಕೋಣೆಗೆ ಯಾವ ಬಣ್ಣ, ಎಷ್ಟು ಗೋಡೆಗೆ ಎಷ್ಟು ಲೀಟರು, ಎಲ್ಲ ಬಾಯಿಪಾಠ. "ಏನಿಲ್ಲ ಸಾರ್, ಕೆರೀರಿ, ಪುಟ್ಟಿ ಎಳೀರಿ, ಉಜ್ಜಿ, ಬಳೀರಿ. ಎರಡು ರಜಾ ದಿನದ ಕೆಲಸ, ನೀವೇ ಮಾಡ್ಕೋಬಹುದು" ಎಂದು ಎಷ್ಟು ಮಂದಿಯನ್ನು ಹುರಿದುಂಬಿಸಿ ಕಳಿಸಿದ್ದನೋ. ಅವರೆಲ್ಲರ ಶಾಪ ಒಟ್ಟಿಗೆ ತಗಲಿತು ಎಂಬುದು ಅವನ ಹೆಂಡತಿಯ ಅಭಿಪ್ರಾಯ.

ಏಕೆಂದರೆ ಈಗ ಅವನೇ ಒಂದು ಮನೆ ಕೊಂಡಿದ್ದ. ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಹಾಲ್, ಅಡುಗೆಮನೆ. ಇವನ್ನೆಲ್ಲ ಒಂದಕ್ಕೊಂದು ಹೊಲಿದಂತೆ ನಡುವೆ ಉದ್ದನೆಯ ಕಿರಿದಾದ ಹಾದಿ. ಗೋಡೆಯ ಕೆಲಸಕ್ಕೆ ಅವನು ಕರೆದದ್ದು ಅಂಗಡಿಗೆ ಬರುತ್ತಿದ್ದ ಹಳೆಯ ಪೇಂಟರನ್ನು. ಎಲ್ಲರೂ ಅವರನ್ನು ಏಣಿ ಮೇಸ್ತ್ರಿ ಎನ್ನುತ್ತಿದ್ದರು. ಅವರು ಶಾಲೆಯೊಂದರ ಕೆಲಸ ಹಿಡಿದಿದ್ದರು, ಮುಂದಿನ ತಿಂಗಳವರೆಗೂ ಬಿಡುವಿರಲಿಲ್ಲ. "ನೀನೇ ಮಾಡ್ಕೋಬಹುದಲ್ಲಪ್ಪ, ಎರಡು ರಜಾ ದಿನದ ಕೆಲಸ" ಎಂದು ನಗದೆ ಹೇಳಿದರು. ಎಂಟು ವರ್ಷ ದಡದಲ್ಲಿ ಕೂತು ಈಜು ಕಲಿಸಿದವನಿಗೆ ನೀರಿಗಿಳಿಯದೆ ಬೇರೆ ದಾರಿ ಉಳಿಯಲಿಲ್ಲ.

ಹೊಸ ಮನೆಗೆ ಬೇಗ ಹೋಗಲೇಬೇಕಿತ್ತು, ಅದೂ ಅಜ್ಜಿಗಾಗಿ. ಅಪ್ಪ ಅಮ್ಮ ಇಲ್ಲದ ಅವನನ್ನು ಮೂರನೇ ವಯಸ್ಸಿನಿಂದ ಸಾಕಿದವಳು ಅವಳು. ಐದು ವರ್ಷದಿಂದ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಈಗಿನ ಬಾಡಿಗೆ ಮನೆಯಲ್ಲಿ ಗೋಡೆಗೆ ಅಂಗೈ ತಾಗಿಸಿಕೊಂಡು ಓಡಾಡುತ್ತಿದ್ದಳು. ಆದರೆ ಆ ಗೋಡೆಯ ಗಾರೆ ಎದ್ದು ಮುಳ್ಳಿನ ಹಾಗಾಗಿತ್ತು. ಅಂಗೈ ತರಚಿ ಎರಡು ಸಲ ಕೀವು ಕಟ್ಟಿತ್ತು. ಊರಾಚೆ ಇದ್ದ ಸೋದರತ್ತೆ, ಅಂದರೆ ಅಜ್ಜಿಯ ಮಗಳು, ಬಂದುಬಿಡು ಎಂದು ಕರೆಯುತ್ತಲೇ ಇದ್ದಳು. ಹೊಸ ಮನೆಯ ಸುದ್ದಿ ಕೇಳಿ ಅಜ್ಜಿ ಒಂದೇ ಮಾತು ಹೇಳಿದಳು.

"ನೋಡಪ್ಪ, ಬಚ್ಚಲಿಗೆ ನಾನೊಬ್ಬಳೇ ಹೋಗ್ಬೇಕು. ಕೈ ಹಿಡ್ಕೊಂಡು ಕರ್ಕೊಂಡು ಹೋಗೋ ಹಾಗಾದ್ರೆ ಅವತ್ತೇ ನಿಮ್ಮತ್ತೆ ಮನೆಗೆ ಹೊರಟೆ. ಮಗಳ ಮುಂದೆ ನಂಗೆ ನಾಚಿಕೆ ಇಲ್ಲ. ನಿನ್ನ ಮುಂದೆ ಇದೆ."

ಆದ್ದರಿಂದ ಗೋಡೆ ನುಣುಪಾಗಬೇಕು. ಅಂಗೈಗೆ ಒಂದು ಹರಳೂ ತಾಗಬಾರದು. ಅಷ್ಟು ಅವನ ತಲೆಗೆ ಹೋಯಿತು. ಅದಕ್ಕಿಂತ ಹೆಚ್ಚು ಹೋಗಲಿಲ್ಲ, ಅವನ ತಲೆಯ ಅಳತೆಯೇ ಅಷ್ಟು.

ಅಂಗಡಿ ಒಂಬತ್ತಕ್ಕೆ ತೆರೆಯುತ್ತಿತ್ತು. ಬೆಳಗ್ಗೆ ಐದೂವರೆಗೆ ಎದ್ದು ಹೊಸ ಮನೆಗೆ ಹೋಗಿ ಕೆರೆಯತೊಡಗಿದ. ಹಳೆಯ ಡಿಸ್ಟೆಂಪರಿನ ಹಸಿರು ಎದ್ದರೆ ಕೆಳಗೆ ಗುಲಾಬಿ, ಗುಲಾಬಿ ಎದ್ದರೆ ಕೆಳಗೆ ನೀಲಿ. ಹಿಂದೆ ಇದ್ದವರು ಯಾರೂ ಅವನಷ್ಟು ದಡ್ಡರಾಗಿರಲಿಲ್ಲ, ಕೆರೆಯದೆ ಬಳಿದು ಬದುಕಿಕೊಂಡಿದ್ದರು. ಹಾದಿಯ ಗೋಡೆಯೊಂದರಲ್ಲೇ ಮೂವತ್ತೇಳು ಮೊಳೆ ಸಿಕ್ಕವು. ಏನು ನೇತು ಹಾಕುತ್ತಿದ್ದರೋ, ಬಹುಶಃ ಒಬ್ಬರನ್ನೊಬ್ಬರು. ಮೂರನೇ ಬೆಳಗ್ಗೆ ಬಲಗೈ ತಲೆ ಬಾಚಲೂ ಮೇಲೇಳಲಿಲ್ಲ. ಧೂಳು ಕೂತು ತಲೆಗೂದಲು ಬೆಳ್ಳಗಾಗಿತ್ತು. ಹೆಂಡತಿ, ಇರಲಿ ಬಿಡಿ, ಮುಂದೆ ಹೇಗೆ ಕಾಣ್ತೀರಿ ಅಂತ ಗೊತ್ತಾಯ್ತು ಎಂದಳು.

ತಗ್ಗು ಮುಚ್ಚುವ ಪುಟ್ಟಿ ಎಳೆಯುವುದು ದೋಸೆ ಮೇಲೆ ಬೆಣ್ಣೆ ಸವರಿದಷ್ಟೇ ಎಂದು ಅವನೇ ಗಿರಾಕಿಗಳಿಗೆ ಹೇಳಿದ್ದುಂಟು. ಎಳೆದು ನೋಡಿದಾಗ ಗೋಡೆಗಿಂತ ಹೆಚ್ಚು ಪುಟ್ಟಿ ನೆಲಕ್ಕೂ ಮೊಣಕೈಗೂ ಹತ್ತಿತು. ಒಂದು ವಾರ ಕಳೆದು, ಒಣಗಿದ್ದನ್ನು ಎಮರಿ ಪೇಪರಿನಿಂದ ಉಜ್ಜಿ, ಇನ್ನು ಮುಗಿಯಿತು ಎಂದು ಉಸಿರುಬಿಟ್ಟ ಬೆಳಗ್ಗೆ ಏಣಿ ಮೇಸ್ತ್ರಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದರು. ಬಂದವರೇ ಕಿಟಕಿ ಮುಚ್ಚಿದರು. ವೈರು ಎಳೆದು ಒಂದು ಬಲ್ಬನ್ನು ಗೋಡೆಯ ಮೈಗೆ ತಾಗುವಂತೆ ಅಡ್ಡಲಾಗಿ ಹಿಡಿದರು. ಅಷ್ಟು ಹೊತ್ತು ಸಾಧುವಿನ ಹಾಗೆ ನಿಂತಿದ್ದ ಗೋಡೆಯಲ್ಲಿ ಬೆಟ್ಟ, ಕಣಿವೆ, ಹೊಂಡ, ಗದ್ದೆಯ ಬದು ಎಲ್ಲ ಎದ್ದು ನೆರಳು ಚೆಲ್ಲಿದವು.

"ಹೊಲ ಚೆನ್ನಾಗಿ ಉತ್ತಿದೀಯ. ಏನು ಬಿತ್ತೋಣ ಅಂತಿದೀಯ?" ಎಂದು ಕೇಳಿ, ಬಲ್ಬನ್ನು ಅಲ್ಲೇ ಬಿಟ್ಟು ಹೋದರು.

ಆ ಬಲ್ಬು ಅವನ ಪಾಲಿಗೆ ಸೊಸೆಯ ಬೆನ್ನ ಹಿಂದಿನ ಅತ್ತೆಯ ಕಣ್ಣಾಯಿತು. ಎರಡನೇ ಸಲ ಎಳೆದ, ಉಜ್ಜಿದ, ಹಿಡಿದು ನೋಡಿದ. ಮೂರನೇ ಸಲ ಎಳೆದ. ಅಂಗಡಿಯಲ್ಲಿ ಬಣ್ಣ ಕಲಸುವ ಮಿಷನ್ನಿನ ಗುರ್ರೆನ್ನುವ ಸದ್ದಿಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಒಬ್ಬ ಗಿರಾಕಿ, ನಾವೇ ಮಾಡ್ಕೋಬಹುದಾ ಎಂದು ಕೇಳಿದ್ದಕ್ಕೆ ಬೇಡ ಸಾರ್, ಹೆಂಡತಿ ಮಕ್ಕಳಿದ್ದಾರೆ ನಿಮಗೆ ಎಂದುಬಿಟ್ಟ. ಮಾಲೀಕರು ಕನ್ನಡಕದ ಮೇಲಿಂದ ನೋಡಿದರು. ಹದಿನೆಂಟನೇ ದಿನ ಮೇಸ್ತ್ರಿ ಮತ್ತೆ ಬಂದು ಬಲ್ಬು ಹಿಡಿದರು. ನೆರಳೇ ಬೀಳಲಿಲ್ಲ. ಅವರು ಗೋಡೆಗೆ ಕೆನ್ನೆ ತಾಗಿಸಿ, ನನ್ನ ಹೆಸರು ಹೇಳ್ಕೋ ಬೇಕಾದ್ರೆ ಎಂದರು. ಅವನಿಗೆ ಅಳು ಬಂತು, ಆದರೆ ಅದಕ್ಕೂ ತ್ರಾಣವಿರಲಿಲ್ಲ.

ಬಣ್ಣಕ್ಕೆ ಮುಂಚಿನ ಪ್ರೈಮರ್ ಒಂದು ಕೋಟು ಮುಗಿಸಿ, ರಜೆಯ ದಿನ ಬೆಳಗ್ಗೆ ಗಂಡ ಹೆಂಡತಿ ಅಜ್ಜಿಯನ್ನು ಕರೆತಂದರು. ಮೇಸ್ತ್ರಿಗೂ ಅಂದು ರಜೆ. ತಮ್ಮ ಶಿಷ್ಯನ ಗೋಡೆ ನೋಡಲು ಬಂದಿದ್ದರು. ಹಾದಿಯ ಎಡಕ್ಕೆ ಮೊದಲು ಅಜ್ಜಿಯ ಕೋಣೆ, ಆಮೇಲೆ ದಾಸ್ತಾನಿನ ಗೂಡು, ಅದರಾಚೆ ಬಚ್ಚಲು, ಕೊನೆಗೆ ಅಡುಗೆಮನೆ ಎಂದು ಅವನು ಹೇಳಿಕೊಟ್ಟ. ಅಜ್ಜಿ ಕೋಣೆಯ ಬಾಗಿಲಲ್ಲಿ ನಿಂತು ಅಂಗೈಯನ್ನು ಗೋಡೆಗಿಟ್ಟಳು.

"ಇದೇನು ಗೋಡೆನೋ, ಮಗುವಿನ ಕೆನ್ನೆನೋ" ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡದೆ ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. ಅಜ್ಜಿ ನಡೆದಳು. ಗೂಡಿನ ಬಾಗಿಲು ಬಂತು. ಹಿಂದಿದ್ದವರು ಚೌಕಟ್ಟನ್ನೂ ಬಾಗಿಲನ್ನೂ ಗೋಡೆಗೆ ಸಮ ಮಾಡಿದ್ದರು, ಸಂದು ಉಳಿದಿದ್ದಲ್ಲಿ ಅವನು ಪುಟ್ಟಿ ತುಂಬಿ ಕೂದಲೆಳೆಯಷ್ಟೂ ಕಾಣದಂತೆ ಉಜ್ಜಿದ್ದ. ಅವಳ ಕೈ ಜಾರಿಕೊಂಡು ಮುಂದೆ ಹೋಯಿತು. ಬಚ್ಚಲಿನ ಮುಚ್ಚಿದ ಬಾಗಿಲ ಮೇಲೂ ಕೈ ಹಾಗೆಯೇ ಜಾರಿತು, ಹಿಡಿ ಅದಕ್ಕಿಂತ ಕೆಳಗಿತ್ತು. ಅಡುಗೆಮನೆಯ ಮೂಲೆಗೆ ಬಂದು ನಿಂತಳು. ಹಿಂದೆ ತಿರುಗಿದಳು, ನಾಲ್ಕು ಹೆಜ್ಜೆ ಬಂದಳು, ನಿಂತಳು. ಗೋಡೆಯ ಮೇಲೆ ಅಂಗೈಯನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸಿದಳು. ಬೇರೆ ಮನೆಯಲ್ಲಾಗಿದ್ದರೆ ಅಲ್ಲೊಂದು ಬಿರುಕು, ಇಲ್ಲೊಂದು ಉಬ್ಬು ಇದ್ದು ದಾರಿ ಹೇಳುತ್ತಿತ್ತು. ಇಲ್ಲಿ ಏನೂ ಇರಲಿಲ್ಲ. ಹದಿನೆಂಟು ದಿನ ಅವನು ಅದನ್ನೇ ಅಳಿಸಿದ್ದ.

"ನಾನೀಗ ಎಲ್ಲಿದೀನೋ?" ಎಂದು ಅಜ್ಜಿ ಕೇಳಿದಳು.

ಅವನು ಹೋಗಿ ಕೈ ಹಿಡಿಯಬೇಕೆಂದುಕೊಂಡ. ಹಿಡಿದರೆ ಅವಳು ಹೇಳಿದ ಆ ದಿನ ಇವತ್ತೇ ಆಗಿಬಿಡುತ್ತದೆಂದು ಕಾಲು ಏಳಲಿಲ್ಲ. ಅಜ್ಜಿಯೇ ಅವನನ್ನು ಸಮಾಧಾನಿಸಲು ಹೊರಟಳು. ಗೋಡೆ ಬಹಳ ಚೆನ್ನಾಗಿದೆ, ಅತ್ತೆ ಮನೆಯೂ ದೂರವೇನಲ್ಲ, ತಿಂಗಳಿಗೊಮ್ಮೆ ಬಂದು ಹೋಗು ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅವನು ನೆಲದ ಮೇಲೆ ಬಣ್ಣದ ಡಬ್ಬಿಗೆ ಒರಗಿ ಕುಳಿತ. ಮೈಯ ಒಂದೊಂದು ಕೀಲೂ ಬೇರೆಬೇರೆಯಾಗಿ ನೋಯುತ್ತಿತ್ತು. ಗೋಡೆಯನ್ನು ಕೈಗೆ ನುಣುಪು ಮಾಡಲು ಹೊರಟು, ಆ ಕೈಗೆ ಕಣ್ಣೂ ಇದೆ ಎಂಬುದನ್ನು ಮರೆತಿದ್ದ. ತಪ್ಪು ಮಾಡುವುದಕ್ಕೂ ಇಷ್ಟು ಬೆವರು ಸುರಿಸಿದವನು ಊರಲ್ಲಿ ತಾನೊಬ್ಬನೇ ಇರಬೇಕು. ಸ್ವಲ್ಪ ಹೊತ್ತಿಗೆ ಎದ್ದು, ಒರಟು ಎಮರಿ ಪೇಪರು ಹುಡುಕಿ, ಬಚ್ಚಲಿನ ಬಾಗಿಲ ಪಕ್ಕದ ಗೋಡೆಯನ್ನು ಗೀರಲು ಕೈಯೆತ್ತಿದ.

"ತಡಿಯೋ, ತಡಿ" ಎಂದರು ಮೇಸ್ತ್ರಿ. ನಲವತ್ತು ವರ್ಷ ಗೋಡೆ ನೇರ ಮಾಡಿದವರಿಗೆ ಅದನ್ನು ಕಣ್ಣಾರೆ ನೋಡಲಾಗಲಿಲ್ಲ. "ಕೆಡಿಸೋದಾದ್ರೂ ನೀಟಾಗಿ ಕೆಡಿಸು. ಅಜ್ಜಿಗೆ ಮತ್ತೆ ಕೈ ತರಚಬೇಕಾ?"

ಅವರೇ ಪುಟ್ಟಿ ಗಟ್ಟಿಯಾಗಿ ಕಲಸಿದರು. ಎಲ್ಲೆಲ್ಲಿ, ಎಷ್ಟೆತ್ತರಕ್ಕೆ ಎಂದು ಅಜ್ಜಿಯನ್ನೇ ಕೇಳಿದರು. ಇಬ್ಬರು ಹಳೆಯ ಕೆಲಸಗಾರರ ಹಾಗೆ ಅವರು ಚರ್ಚೆ ಮಾಡಿದರು. ಶೇಡ್‌ಕಾರ್ಡನನ್ನು ಯಾರೂ ಏನೂ ಕೇಳಲಿಲ್ಲ. ಅವನು ಎದೆಮಟ್ಟಕ್ಕೆ ಎನ್ನುತ್ತ ಗುರುತು ಹಾಕಿದಾಗ ಅಜ್ಜಿ, ನಾನು ದಿನದಿಂದ ದಿನಕ್ಕೆ ಕುಗ್ಗುತ್ತಿರೋದು ನಿಂಗೆ ಕಾಣೋದಿಲ್ವಾ, ಇನ್ನೊಂದು ಗೇಣು ಕೆಳಗೆ ಎಂದಳು. ಬಚ್ಚಲಿಗೆ ಎರಡು ಹೆಜ್ಜೆ ಮೊದಲೇ ಶುರುವಾಗಿ ಬಾಗಿಲವರೆಗೆ ಮೂರು ಉಬ್ಬು ಗೆರೆ. ಅಡುಗೆಮನೆಯ ಮುಂದೆ ಹೆಬ್ಬೆರಳಿನಷ್ಟು ದಪ್ಪದ ಚುಕ್ಕೆಗಳ ಸಾಲು. ಕೋಣೆಯ ಬಾಗಿಲಿಗೆ ಏನೂ ಬೇಡ, ಅಲ್ಲಿ ನನ್ನ ಹಾಸಿಗೆ ವಾಸನೆ ಇರುತ್ತೆ ಎಂದಳು.

ಒಣಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅವನು ಉಬ್ಬುಗಳ ಅಂಚನ್ನು ಮಾತ್ರ ಉಜ್ಜಿ ಮೆದು ಮಾಡಿದ. ಮತ್ತೆ ಪ್ರೈಮರ್ ಬಳಿಯಬೇಕು, ಆಮೇಲೆ ಎರಡು ಕೋಟು ಬಣ್ಣ; ನೆನೆದರೇ ಬೆನ್ನು ಚುಳ್ಳೆಂದಿತು.

ಅಜ್ಜಿ ಕೋಣೆಯಿಂದ ಹೊರಟಳು. ಅವನು ಎರಡು ಹೆಜ್ಜೆ ಹಿಂದೆ, ಬೀಳುವ ಗಾಜನ್ನು ಹಿಡಿಯಲು ಹೊರಟವನಂತೆ ಕೈ ಚಾಚಿಕೊಂಡು ನಡೆದ. ನುಣುಪು ಗೋಡೆಯ ಮೇಲೆ ಅಂಗೈ ಜಾರುತ್ತ ಬಂದು ಗೆರೆಗಳ ಮೇಲೆ ನಿಧಾನವಾಯಿತು. ಬೆರಳುಗಳು ಮೂರನ್ನೂ ಎಣಿಸಿದವು, ಅವುಗಳ ಜೊತೆಗೇ ಬಾಗಿಲವರೆಗೆ ಹೋದವು, ಹಿಡಿ ಸಿಕ್ಕಿತು. ಬಾಗಿಲು ತೆರೆದು ಒಳಗೆ ಒಂದು ಕಾಲಿಟ್ಟವಳು ಹಿಂದೆ ಬಂದ ಉಸಿರಿನ ಸದ್ದು ಕೇಳಿ ನಿಂತಳು.

"ನೀನ್ಯಾಕೋ ಹಿಂದೆ ಬರ್ತಿದೀಯ? ಹೋಗು, ಆ ಕಡೆ ಹೋಗು."

ಬಾಗಿಲು ಅವನ ಮೂಗಿನ ಮುಂದೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿತ್ತು.